ಹುಂಜದ ಉಸಿರು ಎಲ್ಲಿ ಕಟ್ಟಿದೆ?

ಮುಂಜಾನೆ ಕೂಗುವ ಹುಂಜದ ದನಿ ಒಡೆದು ಬರುತ್ತದೆ. ಹಗಲಿನಲ್ಲಿ ಅದು ಕತ್ತು ಮೇಲಕ್ಕೆ ಚಾಚಿ, ಕೊಕ್ಕು ತೆರೆದು ಉಸಿರೆಳೆಯುತ್ತದೆ. ರಾತ್ರಿ ಗೂಡಿನ ಪಕ್ಕದಲ್ಲಿ ನಿಂತರೆ ಗೊರಗೊರ ಸದ್ದು ಕೇಳುತ್ತದೆ. ಇಷ್ಟಾದ ಮೇಲೆ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮ್ಮ ಹೆಚ್ಚಿನ ಮನೆಗಳಲ್ಲಿ ನಡೆಯುವ ಕೆಲಸ ಒಂದೇ. ಕರಿಮೆಣಸು, ಬೆಳ್ಳುಳ್ಳಿ ಜಜ್ಜಿ, ತೆಂಗಿನೆಣ್ಣೆಯಲ್ಲಿ ಕಲಸಿ, ಕೊಕ್ಕು ಬಿಡಿಸಿ ಬಾಯಿಗೆ ಹೊಯ್ಯುವುದು. ಅದಕ್ಕೂ ಬಗ್ಗದಿದ್ದರೆ, ಹಿಂದೆಂದೋ ಮನೆಯವರಿಗೆ ತಂದು ಉಳಿದ ಮಾತ್ರೆಯಲ್ಲಿ ಅರ್ಧ. ಎರಡು ದಿನ ಕಳೆದು ಹುಂಜ ಸತ್ತರೆ ಮಳೆಗಾಲದ ಶೀತ ಎಂದು ಹೇಳಿ ತೋಟದ ಮೂಲೆಯಲ್ಲಿ ಹೂಳುತ್ತೇವೆ.

ಇಂಥ ಸಾವುಗಳಲ್ಲಿ ಕೆಲವನ್ನು ಯಾರಿಂದಲೂ ತಪ್ಪಿಸಲಾಗುವುದಿಲ್ಲ. ಆದರೆ ಹಲವನ್ನು ತಪ್ಪಿಸಬಹುದು, ಇನ್ನು ಕೆಲವಕ್ಕೆ ನಾವು ಹೊಯ್ದ ಎಣ್ಣೆಯೇ ಕಾರಣ. ಉಬ್ಬಸ ಒಂದು ರೋಗವಲ್ಲ. ಹತ್ತಾರು ಬೇರೆ ಬೇರೆ ತೊಂದರೆಗಳು ಹೊರಗೆ ಒಂದೇ ರೀತಿ ಕಾಣಿಸುತ್ತವೆ, ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಹಾನಿ ಮಾಡುತ್ತದೆ. ಆದ್ದರಿಂದ ಕೈಗೆ ಮದ್ದು ತೆಗೆದುಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಗಾಳಿ ಎಲ್ಲಿ ಕಟ್ಟಿದೆ? ಎಷ್ಟು ದಿನದಲ್ಲಿ ಎಷ್ಟು ಕೋಳಿಗಳಿಗೆ ಹೀಗಾಗಿದೆ? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಮೃಗಾಸ್ಪತ್ರೆಯ ವೈದ್ಯರ ಅರ್ಧ ಕೆಲಸವನ್ನು ಮನೆಯಲ್ಲೇ ಮಾಡಿಕೊಂಡು ಹೋದಂತೆ.

ಕೋಳಿ ಉಸಿರಾಡುವ ಬಗೆ

ನಮ್ಮ ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಕೋಳಿಗೆ ಅದಿಲ್ಲ. ಅದರ ಶ್ವಾಸಕೋಶ ಚಿಕ್ಕದು, ಪಕ್ಕೆಲುಬುಗಳಿಗೆ ಅಂಟಿಕೊಂಡಂತಿರುತ್ತದೆ, ಉಬ್ಬುವುದು ಕುಗ್ಗುವುದು ತೀರಾ ಕಡಿಮೆ. ಗಾಳಿಯನ್ನು ಎಳೆದು ತಳ್ಳುವುದು ಕುತ್ತಿಗೆಯ ಬುಡದಿಂದ ಹೊಟ್ಟೆಯವರೆಗೆ ಹರಡಿಕೊಂಡಿರುವ ತೆಳುವಾದ ಗಾಳಿಚೀಲಗಳ ಕೆಲಸ. ಎದೆಮೂಳೆ ಕೆಳಗಿಳಿದಾಗ ಅವು ಕಮ್ಮಾರನ ತಿದಿಯಂತೆ ತುಂಬಿಕೊಳ್ಳುತ್ತವೆ, ಮೇಲೇರಿದಾಗ ಖಾಲಿಯಾಗುತ್ತವೆ. ಒಳಗೆ ಬಂದ ಗಾಳಿಯ ಬಹುಪಾಲು ಮೊದಲು ಹಿಂಬದಿಯ ಚೀಲಗಳಿಗೆ ಹೋಗುತ್ತದೆ, ಅಲ್ಲಿಂದ ಶ್ವಾಸಕೋಶದ ಮೂಲಕ ಹಾದು ಮುಂದಿನ ಚೀಲಗಳಿಗೆ ಬಂದು, ಆಮೇಲೆ ಹೊರಬೀಳುತ್ತದೆ. ಒಂದು ಗುಟುಕು ಗಾಳಿ ಈ ಸುತ್ತನ್ನು ಮುಗಿಸಲು ಎರಡು ಉಸಿರು ಬೇಕು. ಗಾಳಿ ಶ್ವಾಸಕೋಶದಲ್ಲಿ ಒಂದೇ ದಿಕ್ಕಿಗೆ ಹರಿಯುವುದರಿಂದ ಹಕ್ಕಿಗಳು ನಮಗಿಂತ ಚೆನ್ನಾಗಿ ಆಮ್ಲಜನಕ ಹೀರಿಕೊಳ್ಳುತ್ತವೆ. ಗಾಳಿಯಲ್ಲಿರುವ ವಿಷವನ್ನೂ ಅಷ್ಟೇ ಚೆನ್ನಾಗಿ ಹೀರಿಕೊಳ್ಳುತ್ತವೆ.

ಇದರಿಂದ ಸಾಕುವವನಿಗೆ ತಿಳಿಯಬೇಕಾದ ಸಂಗತಿ ಮೂರು. ಉಬ್ಬಸ ಬಂದ ಹುಂಜವನ್ನು ಎದೆಯ ಸುತ್ತ ಬಿಗಿಯಾಗಿ ಹಿಡಿದರೆ ಎದೆಮೂಳೆ ಆಡುವುದಿಲ್ಲ, ನಮ್ಮ ಕೈಯಲ್ಲೇ ಅದರ ಉಸಿರು ನಿಲ್ಲುತ್ತದೆ. ಎರಡನೆಯದಾಗಿ, ಗೂಡಿನ ಗಾಳಿಯಲ್ಲಿರುವ ಬೂಸ್ಟಿನ ಪುಡಿಯೂ ಹಿಕ್ಕೆಯ ಘಾಟೂ ಮೂಗಿನಲ್ಲಿ ನಿಲ್ಲದೆ ಹೊಟ್ಟೆಯ ಆಳದವರೆಗೆ ಹೋಗುತ್ತವೆ. ರೆಕ್ಕೆಯ ಬುಡದ ಮೂಳೆಯೊಳಗೂ ಗಾಳಿಚೀಲದ ಕವಲು ಹೊಕ್ಕಿರುತ್ತದೆ. ಮೂರನೆಯದು, ಈ ಚೀಲಗಳ ಗೋಡೆಯಲ್ಲಿ ರಕ್ತನಾಳಗಳು ಬಹಳ ಕಡಿಮೆ. ಅಲ್ಲಿಗೆ ಸೋಂಕು ಇಳಿದರೆ ರಕ್ತದ ಮೂಲಕ ಹೋಗುವ ಮದ್ದು ನಿಧಾನವಾಗಿ ತಲುಪುತ್ತದೆ. ಅದಕ್ಕೇ ಎರಡು ದಿನ ಮದ್ದು ಕೊಟ್ಟು ಸ್ವಲ್ಪ ಗುಣವಾಯಿತೆಂದು ನಿಲ್ಲಿಸಿದರೆ ತೊಂದರೆ ತಿರುಗಿ ಬರುತ್ತದೆ.

ಕೋಳಿಯ ಕೀವು ಕೂಡ ನಮ್ಮ ಕೀವಿನಂತೆ ನೀರಾಗಿ ಹರಿಯುವುದಿಲ್ಲ. ಕೀವನ್ನು ಕರಗಿಸುವ ಒಂದು ಕಿಣ್ವ ಹಕ್ಕಿಗಳ ಬಿಳಿರಕ್ತಕಣಗಳಲ್ಲಿ ಇಲ್ಲದ್ದರಿಂದ ಅದು ಹಳದಿ ಗಟ್ಟಿಯಾಗಿ, ಒತ್ತಿದ ಗಿಣ್ಣಿನ ತುಂಡಿನಂತೆ ಕೂರುತ್ತದೆ. ಕಣ್ಣಿನ ಕೆಳಗೆ ಊದಿಕೊಂಡಿದೆ ಎಂದು ಸೂಜಿಯಿಂದ ಚುಚ್ಚಿ ಹಿಂಡಿದರೆ ಏನೂ ಬರುವುದಿಲ್ಲ, ಗಾಯ ಮಾತ್ರ ಉಳಿಯುತ್ತದೆ. ಅದನ್ನು ಕೊಯ್ದು ತೆಗೆಯುವುದು ವೈದ್ಯರ ಕೆಲಸ.

ಟಾರ್ಚ್ ಹಿಡಿದು ನೋಡುವುದು

ನೋಡಲು ಒಳ್ಳೆಯ ಹೊತ್ತು ರಾತ್ರಿ. ಹಗಲಿನಲ್ಲಿ ಹುಂಜವನ್ನು ಅಂಗಳವಿಡೀ ಓಡಿಸಿ ಹಿಡಿದರೆ ಆರೋಗ್ಯವಂತ ಹುಂಜವೂ ಏದುಸಿರು ಬಿಡುತ್ತದೆ, ಕಾಯಿಲೆಯದು ಸತ್ತೇ ಹೋಗಬಹುದು. ಕತ್ತಲಾದ ಮೇಲೆ ಗೂಡಿನ ಹತ್ತಿರ ಸದ್ದಿಲ್ಲದೆ ನಿಂತು ಮೊದಲು ಕೇಳಬೇಕು. ಸೀನು ಯಾವುದು, ಗೊರಗೊರ ಯಾವುದು, ಸಿಳ್ಳೆಯಂತೆ ಎಳೆಯುವ ಉಸಿರು ಯಾವುದು ಎಂದು ಆ ಮೌನದಲ್ಲಿ ಬೇರೆಬೇರೆಯಾಗಿ ತಿಳಿಯುತ್ತದೆ. ಎಷ್ಟು ಕೋಳಿಗಳಿಂದ ಸದ್ದು ಬರುತ್ತಿದೆ ಎಂಬುದೂ ಗೊತ್ತಾಗುತ್ತದೆ. ಬೆಳೆದ ಹುಂಜ ಸುಮ್ಮನೆ ಕುಳಿತಿರುವಾಗ ನಿಮಿಷಕ್ಕೆ ಹೆಚ್ಚೆಂದರೆ 20 ಸಲ ಉಸಿರಾಡುತ್ತದೆ. ಹೇಂಟೆಯ ಉಸಿರು ಇನ್ನಷ್ಟು ಬೇಗ. ತಂಪು ಹೊತ್ತಿನಲ್ಲಿ, ಕುಳಿತಲ್ಲೇ, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಹುಂಜ ಕಷ್ಟಪಟ್ಟು ಉಸಿರಾಡುತ್ತಿದೆ ಎಂದೇ ಅರ್ಥ.

ಆಮೇಲೆ ರೆಕ್ಕೆಗಳನ್ನು ಮಡಿಸಿ ಎರಡೂ ಕೈಯಿಂದ ಮೆಲ್ಲಗೆ ಎತ್ತಿ, ಹಳೆಯ ಬೈರಾಸಿನಲ್ಲಿ ಸಡಿಲವಾಗಿ ಸುತ್ತಿ ಮಡಿಲಲ್ಲಿ ನೆಟ್ಟಗೆ ಕೂರಿಸಿಕೊಳ್ಳಬೇಕು. ಕಾಲು ಹಿಡಿದು ತಲೆಕೆಳಗು ಮಾಡುವುದು ಬೇಡವೇ ಬೇಡ. ಇನ್ನೊಬ್ಬರು ಟಾರ್ಚ್ ಹಿಡಿಯಲಿ. ಮೂಗಿನ ಹೊಳ್ಳೆಗಳು ಒಣಗಿವೆಯೇ, ಸಿಂಬಳ ಕಟ್ಟಿದೆಯೇ? ಕಣ್ಣಿನ ಮೂಲೆಯಲ್ಲಿ ನೊರೆಯ ಗುಳ್ಳೆಗಳಿವೆಯೇ? ಕಣ್ಣಿನ ಕೆಳಗಿನ ಭಾಗ ಒಂದು ಬದಿಯಲ್ಲಿ ಮಾತ್ರ ಊದಿದೆಯೇ? ಜುಟ್ಟು ಕೆಂಪಾಗಿದೆಯೇ, ಬಿಳಿಚಿದೆಯೇ, ನೀಲಿಗಟ್ಟಿದೆಯೇ? ನೀಲಿ ಎಂದರೆ ಆಮ್ಲಜನಕ ಸಾಲುತ್ತಿಲ್ಲ. ಹಾಗಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ ಹುಂಜವನ್ನು ಕೆಳಗಿಡಬೇಕು.

ಕೊಕ್ಕಿನ ಎರಡೂ ತುದಿಯನ್ನು ಬೆರಳಿನಿಂದ ಬಿಡಿಸಿದರೆ ಬಾಣದ ಮೊನೆಯಂಥ ನಾಲಗೆ ಕಾಣುತ್ತದೆ. ಅದರ ಹಿಂದೆಯೇ, ನಾಲಗೆಯ ಬುಡದಲ್ಲಿ, ಉಸಿರಿಗೆ ತಕ್ಕಂತೆ ತೆರೆದು ಮುಚ್ಚುವ ಒಂದು ಸಣ್ಣ ಸೀಳು. ಅದು ಶ್ವಾಸನಾಳದ ಬಾಯಿ. ಮೇಲಂಗುಳಿನಲ್ಲಿ ಕಾಣುವ ಉದ್ದದ ಸೀಳು ಮೂಗಿಗೆ ಹೋಗುವ ದಾರಿ, ಅದು ಸಹಜ, ಗಾಯವಲ್ಲ. ಕೆಳಗಿನ ಸೀಳನ್ನು ಒಮ್ಮೆ ಕಣ್ಣಾರೆ ನೋಡಿದವರು ಮುಂದೆಂದೂ ಕೋಳಿಯ ಬಾಯಿಗೆ ಎಣ್ಣೆ ಹೊಯ್ಯಲಾರರು. ನಮಗೆ ನುಂಗುವಾಗ ಶ್ವಾಸನಾಳವನ್ನು ಮುಚ್ಚುವ ಕಿರುನಾಲಗೆಯ ಮುಚ್ಚಳವಿದೆ. ಕೋಳಿಗೆ ಅಂಥ ಮುಚ್ಚಳವಿಲ್ಲ. ಬಾಯಿಯ ನಡುವೆ ಹೊಯ್ದದ್ದು ನಾಲಗೆಯ ಬುಡದ ಆ ಸೀಳಿಗೇ ಇಳಿಯುತ್ತದೆ, ಅದರಲ್ಲೂ ಉಸಿರಿಗಾಗಿ ಬಾಯಿ ತೆರೆದೇ ಇರುವ ಹುಂಜದಲ್ಲಿ. ಎಣ್ಣೆ ಶ್ವಾಸಕೋಶ ಸೇರಿದರೆ ಅದನ್ನು ಹೊರತೆಗೆಯುವ ಉಪಾಯವಿಲ್ಲ.

ಸದ್ದಿನಿಂದ ಜಾಗ ಗುರುತಿಸುವುದು

ಸೀನು, ಮೂಗು ಸೋರುವುದು, ಮುಖ ಊದುವುದು ಇದ್ದರೆ ತೊಂದರೆ ತಲೆಯ ಭಾಗದಲ್ಲಿದೆ. ಊತ ಒಂದೆರಡು ದಿನದಲ್ಲೇ ಬಂದು, ಮೂಗಿನಿಂದ ಕೊಳೆತ ವಾಸನೆ ಹೊಡೆಯುತ್ತಿದ್ದು, ಹುಂಜದ ಗಂಟಲ ಕೆಳಗಿನ ಜೋಲುಗಳೂ ಊದಿದ್ದರೆ ಕೊರೈಜಾ ಎಂಬ ಬ್ಯಾಕ್ಟೀರಿಯಾ ರೋಗದ ಅನುಮಾನ ಬರುತ್ತದೆ. ಅದು ಒಂದರಿಂದ ಇನ್ನೊಂದಕ್ಕೆ ಎರಡು ಮೂರು ದಿನಗಳಲ್ಲಿ ಹರಡುತ್ತದೆ. ವಾಸನೆ ಇಲ್ಲದೆ, ಕಣ್ಣಲ್ಲಿ ನೊರೆ, ರಾತ್ರಿ ಗೊರಗೊರ, ವಾರಗಟ್ಟಲೆ ಎಳೆಯುವ ಕಾಯಿಲೆಯಾದರೆ ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಇರಬಹುದು. ವೈದ್ಯರು ಸಿಆರ್‌ಡಿ (ದೀರ್ಘಕಾಲದ ಉಸಿರಾಟದ ಕಾಯಿಲೆ) ಎಂದು ಬರೆಯುವುದು ಇದನ್ನೇ. ನಾಟಿ ಕೋಳಿಗಳ ಗುಂಪಿನಲ್ಲಿ ಇದು ಬಹಳ ಸಾಮಾನ್ಯ, ಹೇಂಟೆಗಳಿಗಿಂತ ಹುಂಜದಲ್ಲಿ ಹೆಚ್ಚು ಎದ್ದು ಕಾಣುತ್ತದೆ. ಚೆನ್ನಾಗಿರುವಾಗ ಸುಮ್ಮನೆ ಅಡಗಿದ್ದು, ನಾಲ್ಕು ದಿನ ಬಿಡದೆ ಮಳೆ ಸುರಿದಾಗ, ಗೂಡು ಬದಲಾದಾಗ, ಹೊಸ ಹುಂಜದೊಂದಿಗೆ ಕಾದಾಡಿ ಸುಸ್ತಾದಾಗ ತಲೆಯೆತ್ತುತ್ತದೆ.

ಕತ್ತು ಚಾಚಿ ಸಿಳ್ಳೆಯಂಥ ಸದ್ದಿನಿಂದ ಉಸಿರೆಳೆಯುವುದು ಗಂಟಲು ಅಥವಾ ಶ್ವಾಸನಾಳ ಕಟ್ಟಿದ ಲಕ್ಷಣ. ಇಲ್ಲಿ ಟಾರ್ಚ್ ಬಹಳ ಉಪಯೋಗಕ್ಕೆ ಬರುತ್ತದೆ. ಬಾಯಿಯಲ್ಲಿ ಹಳದಿ ಪೊರೆ ಕಟ್ಟಿದ್ದು, ಜುಟ್ಟಿನ ಮೇಲೆ ಕಪ್ಪು ಹಕ್ಕಳೆಗಳೂ ಇದ್ದರೆ ಅದು ಸಿಡುಬು. ಸೊಳ್ಳೆ ಅದನ್ನು ಹೊತ್ತು ತರುತ್ತದೆ, ಮಳೆ ಬಿಟ್ಟು ಬಿಟ್ಟು ಬರುವ ತಿಂಗಳುಗಳಲ್ಲಿ ಹೆಚ್ಚು. ಆ ಪೊರೆಯನ್ನು ಕಿತ್ತರೆ ರಕ್ತ ಸೋರಿ ಉಸಿರೇ ಕಟ್ಟೀತು, ಮುಟ್ಟಬಾರದು. ಪೊರೆಯ ಬದಲು ಅಂಗುಳಿನಲ್ಲಿ ಮುತ್ತಿನಂಥ ಸಣ್ಣ ಬಿಳಿ ಗುಳ್ಳೆಗಳು ಮಾತ್ರ ಕಂಡರೆ ವಿಟಮಿನ್ ಎ ಕೊರತೆಯನ್ನೂ ನೆನೆಯಬೇಕು. ಕಟ್ಟಿಹಾಕಿ ಸಾಕುವ ಹುಂಜಕ್ಕೆ ಕುಚ್ಚಲಕ್ಕಿ ಅನ್ನ, ನುಚ್ಚು ಬಿಟ್ಟು ಬೇರೇನೂ ಹಾಕದಿದ್ದಲ್ಲಿ ಇದು ಬರುತ್ತದೆ. ಅಕ್ಕಿಯಲ್ಲಿ ಈ ವಿಟಮಿನ್ ಇಲ್ಲವೇ ಇಲ್ಲ. ನುಗ್ಗೆಸೊಪ್ಪು, ಹರಿವೆ, ಬಸಳೆ ಎಲ್ಲರ ಹಿತ್ತಿಲಲ್ಲೂ ಇವೆ. ಕೊಚ್ಚಿ ಹಾಕಿದರೆ ಮುಂದೆ ಈ ತೊಂದರೆ ಬಾರದು, ಬಂದುಬಿಟ್ಟಿದ್ದರೆ ಮಾತ್ರ ವೈದ್ಯರು ಕೊಡುವ ದ್ರವವೇ ಬೇಕು.

ಎಳೆಯ ಕೋಳಿಗಳು ತಲೆ ಕೊಡವುತ್ತ, ಆಕಳಿಸಿದಂತೆ ಬಾಯಿ ತೆರೆಯುತ್ತಿದ್ದರೆ ಶ್ವಾಸನಾಳದಲ್ಲಿ ಕೆಂಪು ಹುಳುಗಳಿರಬಹುದು. ಗಂಡು ಹೆಣ್ಣು ಜೊತೆಯಾಗಿ ಕವೆಗೋಲಿನ ಆಕಾರದಲ್ಲಿ ಅಂಟಿಕೊಂಡೇ ಇರುವ ಹುಳುಗಳು ಅವು. ಎರೆಹುಳು, ಬಸವನಹುಳುಗಳ ಮೈಯಲ್ಲಿ ಅವುಗಳ ಮರಿಗಳು ಕಾದಿರುತ್ತವೆ. ಅಡಿಕೆ ತೋಟದ ಒದ್ದೆ ಮಣ್ಣು ಕೆದರಿ ತಿನ್ನುವ ಮರಿಗಳಿಗೆ ಇದು ಅಂಟಬಹುದು, ಬೆಳೆದ ಹುಂಜಕ್ಕೆ ಅಪರೂಪ. ಕೆಮ್ಮಿದಾಗ ರಕ್ತ ಬೆರೆತ ಲೋಳೆ ಗೋಡೆಗೆ ಸಿಡಿದರೆ ಅದು ಹುಳುವಲ್ಲ, ಶ್ವಾಸನಾಳಕ್ಕೆ ತಗಲುವ ಒಂದು ಹರ್ಪಿಸ್ ವೈರಸ್. ಅದಕ್ಕೆ ಮದ್ದಿಲ್ಲ.

ಸದ್ದೇ ಇಲ್ಲದ ಉಬ್ಬಸಕ್ಕೆ ಹೆಚ್ಚು ಹೆದರಬೇಕು. ಸೀನಿಲ್ಲ, ಸಿಂಬಳವಿಲ್ಲ, ಗೊರಗೊರವಿಲ್ಲ. ಬಾಯಿ ತೆರೆದು ಬಾಲ ಆಡಿಸುತ್ತ, ಮೈ ಸೊರಗುತ್ತ ಹೋಗುತ್ತದೆ. ತೊಂದರೆ ಶ್ವಾಸಕೋಶ ಮತ್ತು ಗಾಳಿಚೀಲಗಳಲ್ಲಿದೆ. ನಮ್ಮ ಕಡೆ ಇದಕ್ಕೆ ಮೊದಲು ಶಂಕಿಸಬೇಕಾದದ್ದು ಬೂಸ್ಟನ್ನು. ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಒದ್ದೆಯಾಗಿ ಒಣಗಿದ ಅಡಿಕೆ ಸಿಪ್ಪೆ, ತರಗೆಲೆ, ಮುಗ್ಗಿದ ಅಕ್ಕಿ ಹೊಟ್ಟಿನಲ್ಲಿ ಬೆಳೆಯುತ್ತದೆ. ಕೋಳಿ ಕೆದರಿದಾಗ ಅದರ ಪುಡಿ ಮೇಲೇಳುತ್ತದೆ. ಇದು ಕೋಳಿಯಿಂದ ಕೋಳಿಗೆ ಹರಡುವುದಿಲ್ಲ, ಆದರೆ ಒಂದೇ ಗೂಡಿನ ಗಾಳಿ ಕುಡಿದ ಎಲ್ಲವಕ್ಕೂ ಬರಬಹುದು. ಬಂದ ಮೇಲೆ ಹಿತ್ತಿಲ ಕೋಳಿಗೆ ಕೊಡಬಹುದಾದ ಚಿಕಿತ್ಸೆ ಇಲ್ಲವೆಂದೇ ಹೇಳಬೇಕು. ಆಂಟಿಬಯೋಟಿಕ್ ಶಿಲೀಂಧ್ರವನ್ನು ಕೊಲ್ಲುವುದಿಲ್ಲ.

ಇನ್ನು ಉಸಿರಾಟದ ಅಂಗಗಳಿಗೆ ಸಂಬಂಧವೇ ಇಲ್ಲದ ಏದುಸಿರೂ ಉಂಟು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ರೆಕ್ಕೆ ಅಗಲಿಸಿ ಬಾಯಿ ತೆರೆದು ನಿಂತ ಹುಂಜಕ್ಕೆ ಕಾಯಿಲೆಯಿಲ್ಲ. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ, ಬಾಯಿಯಿಂದಲೇ ಮೈ ತಂಪು ಮಾಡಿಕೊಳ್ಳಬೇಕು. ನೆರಳು, ತಣ್ಣೀರು ಸಿಕ್ಕಿ ಸಂಜೆಯಾಗುತ್ತಲೇ ನಿಂತರೆ ಚಿಂತೆ ಬೇಡ. ಹಾಗೆಯೇ ಎದೆಯ ಮೇಲ್ಭಾಗದ ಕಾಳಿನ ಚೀಲ ಬೆಳಗ್ಗೆಯೂ ಖಾಲಿಯಾಗದೆ ನೀರು ತುಂಬಿದಂತೆ ತುಳುಕುತ್ತಿದ್ದು, ಬಾಯಿ ಹುಳಿ ವಾಸನೆ ಹೊಡೆಯುತ್ತಿದ್ದರೆ ತೊಂದರೆ ಜೀರ್ಣದ್ದು. ಇಂಥ ಹುಂಜವನ್ನು ತಲೆಕೆಳಗು ಹಿಡಿದರೆ ಆ ನೀರು ನೇರ ಶ್ವಾಸನಾಳಕ್ಕೆ ಹೋಗುತ್ತದೆ.

ಎಷ್ಟು ದಿನ, ಎಷ್ಟು ಕೋಳಿ

ಎರಡನೆಯ ಪ್ರಶ್ನೆ ಮೊದಲಿನದಕ್ಕಿಂತ ತುರ್ತಿನದು. ಒಂದೇ ಹುಂಜ, ಉಳಿದವು ಚೆನ್ನಾಗಿವೆ ಎಂದರೆ ಯೋಚಿಸಲು ಸಮಯವಿದೆ. ಎರಡು ಮೂರು ದಿನದಲ್ಲಿ ಸೀನು ಗುಂಪಿಗೆಲ್ಲ ಹರಡಿ ಯಾವುದೂ ಸಾಯದಿದ್ದರೆ ಕೊರೈಜಾ ಅಥವಾ ಬ್ರಾಂಕೈಟಿಸ್ ವೈರಸ್ ಇರಬಹುದು. ಉಬ್ಬಸದ ಜೊತೆಗೆ ಹಸಿರು ಭೇದಿ, ಕೆಲವು ದಿನಗಳಲ್ಲಿ ಕತ್ತು ತಿರುಚುವುದು, ರೆಕ್ಕೆ ಕಾಲು ಸೋಲುವುದು, ಒಂದಾದ ಮೇಲೊಂದು ಸಾಯುವುದು ಕಂಡರೆ ಅದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. 1920ರ ದಶಕದ ಕೊನೆಯಲ್ಲಿ ಕುಮಾವೂನಿನ ರಾಣಿಖೇತ್ ಪಟ್ಟಣದಲ್ಲಿ ಗುರುತಿಸಿದ್ದರಿಂದ ಭಾರತದಲ್ಲಿ ಆ ಹೆಸರು ನಿಂತಿತು. ನಮ್ಮ ಮೃಗಾಸ್ಪತ್ರೆಗಳಲ್ಲಿ ಮಲಯಾಳಂ ಆಡುವವರು ಕೋಳಿ ವಸಂತ ಎನ್ನುವುದೂ ಇದಕ್ಕೇ. ಬಂದ ಮೇಲೆ ಮದ್ದಿಲ್ಲ.

ಯಾವ ಲಕ್ಷಣವೂ ಸರಿಯಾಗಿ ಕಾಣುವ ಮೊದಲೇ ಒಂದೆರಡು ದಿನದಲ್ಲಿ ಹಲವು ಕೋಳಿಗಳು ಸತ್ತರೆ, ತಲೆ ಊದಿ ಜುಟ್ಟು ನೀಲಿಗಟ್ಟಿದರೆ, ಸುತ್ತಮುತ್ತ ಕಾಗೆಗಳೋ ಬಾತುಕೋಳಿಗಳೋ ಸತ್ತು ಬಿದ್ದಿದ್ದರೆ, ಅದು ಹಕ್ಕಿಜ್ವರವಾಗಿರುವ ಸಾಧ್ಯತೆಯನ್ನು ತಳ್ಳಿಹಾಕಬಾರದು. ಕೇರಳದಲ್ಲಿ 2014ರಲ್ಲಿ ಆಲಪ್ಪುಳ, ಕೋಟ್ಟಯಂ ಕಡೆಯ ಬಾತುಕೋಳಿಗಳಲ್ಲಿ ಕಾಣಿಸಿಕೊಂಡಿತು, 2020ರ ಮಾರ್ಚ್‌ನಲ್ಲಿ ಕಲ್ಲಿಕೋಟೆಯವರೆಗೂ ಬಂದಿತ್ತು. ಖಚಿತಪಡಿಸುವುದು ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯ. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಕೊಯ್ದು ನೋಡಬಾರದು, ಹೊಳೆಗೆ ಎಸೆಯಬಾರದು, ಉಳಿದವನ್ನು ಅವಸರದಲ್ಲಿ ಮಾರಬಾರದು. ಹತ್ತಿರದ ಮೃಗಾಸ್ಪತ್ರೆಗೆ ಅದೇ ದಿನ ತಿಳಿಸಬೇಕು. ತಿಳಿಸಿದರೆ ಎಲ್ಲವನ್ನೂ ಕೊಂದುಬಿಡುತ್ತಾರೆ ಎಂಬ ಭಯದಿಂದ ಮುಚ್ಚಿಡುವವರಿದ್ದಾರೆ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಇದು ಮನುಷ್ಯನಿಗೂ ದಾಟಬಲ್ಲ ರೋಗ, ಕೋಳಿಗಳಿಗೆ ಕಾಳು ಹಾಕುವವರು ಹೆಚ್ಚಾಗಿ ಮನೆಯ ಮಕ್ಕಳು ಮತ್ತು ಅಜ್ಜಿಯಂದಿರು.

ಮೊದಲ ದಿನ ಮಾಡಬೇಕಾದದ್ದು

ಹುಂಜವನ್ನು ಉಳಿದವುಗಳಿಂದ ದೂರ, ಗಾಳಿ ಬರುವ ಆದರೆ ಇರುಚಲು ಹೊಡೆಯದ ಜಾಗದಲ್ಲಿ ಇಡಬೇಕು. ಕವುಚಿದ ಬುಟ್ಟಿಯ ಮೇಲೆ ಗೋಣಿ ಹೊದಿಸಿ ಬೆಚ್ಚಗಿಟ್ಟರೆ ಗಾಳಿಯೇ ಸಾಲುವುದಿಲ್ಲ. ಮಳೆಗಾಲದ ರಾತ್ರಿಯಲ್ಲಿ ಒಂದು ಬದಿಗೆ ಬಲ್ಬು ಉರಿಸಿಟ್ಟರೆ ಸಾಕು, ಬೇಕಾದರೆ ಹತ್ತಿರ ಬರುತ್ತದೆ, ಬೇಡದಿದ್ದರೆ ದೂರ ಸರಿಯುತ್ತದೆ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಅದ್ದಿದ ಹತ್ತಿಯಿಂದ ಮೂಗಿನ ಹೊಳ್ಳೆ, ಕಣ್ಣು ಒರೆಸಿ ಸಿಂಬಳ ತೆಗೆಯಬೇಕು. ಮೂಗು ತೆರೆದರೆ ಹುಂಜ ತಿನ್ನಲು ತೊಡಗುತ್ತದೆ. ಅನ್ನವನ್ನು ನೀರಲ್ಲಿ ಮೆತ್ತಗೆ ಮಾಡಿ ಇಡಬೇಕು. ಕುಡಿಯುವ ನೀರು ತಲೆ ತಗ್ಗಿಸದೆ ಸಿಗುವ ಎತ್ತರದಲ್ಲಿರಲಿ.

ಮುಲಾಮು, ಕರ್ಪೂರ, ನೀಲಗಿರಿ ಎಣ್ಣೆ ಕೊಕ್ಕಿನ ಸುತ್ತ ಸವರುವುದು ಬೇಡ. ಸೊಳ್ಳೆಬತ್ತಿ, ಸಾಂಬ್ರಾಣಿ, ತೆಂಗಿನ ಸಿಪ್ಪೆಯ ಹೊಗೆಯೂ ಬೇಡ. ನಮಗೆ ಹಿತವೆನಿಸುವ ಘಾಟು ಅದರ ಶ್ವಾಸನಾಳವನ್ನು ಸುಡುತ್ತದೆ. ಬೆಳ್ಳುಳ್ಳಿ, ತುಳಸಿ, ಅರಸಿನ ಕೊಡಲೇಬೇಕೆನಿಸಿದರೆ ಸ್ವಲ್ಪವನ್ನು ಅನ್ನದಲ್ಲಿ ಕಲಸಿಡಿ, ತಾನಾಗಿ ತಿಂದರೆ ತಿನ್ನಲಿ. ರೋಗವನ್ನು ಅದು ವಾಸಿ ಮಾಡುತ್ತದೆಂದು ನಂಬಿ ಕಾಯುತ್ತಾ ಕೂರಬೇಡಿ. ದ್ರವರೂಪದ ಮದ್ದು ಕೊಡಬೇಕಾಗಿ ಬಂದರೆ ಸೂಜಿಯಿಲ್ಲದ ಸಿರಿಂಜಿನಿಂದ ಕೊಕ್ಕಿನ ಬದಿಯಲ್ಲಿ ಒಂದೆರಡು ಹನಿ, ನುಂಗಿದ ಮೇಲೆ ಮತ್ತೆ ಒಂದೆರಡು ಹನಿ.

ಇಷ್ಟಾದ ಮೇಲೆ ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ಮಾಡಿಕೊಳ್ಳಿ, ಸದ್ದು ಕೇಳುವಂತೆ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ನಿಂತ ಹುಂಜ ಮನೆಯಲ್ಲಿ ಮಾಡಿದ ಸದ್ದನ್ನು ಅಲ್ಲಿ ಮಾಡುವುದಿಲ್ಲ. ವೈದ್ಯರಿಗೂ ನಮಗೂ ಭಾಷೆ ಪೂರ್ತಿ ಹೊಂದದಿದ್ದಾಗ ಆ ವಿಡಿಯೊ ಹತ್ತು ಮಾತಿಗಿಂತ ಹೆಚ್ಚು ಹೇಳುತ್ತದೆ. ಪಂಚಾಯತಿನ ಮೃಗಾಸ್ಪತ್ರೆಗೆ ಹೋಗಲಾಗದಿದ್ದರೆ ಸಂಚಾರಿ ಪಶು ಚಿಕಿತ್ಸಾ ಘಟಕದ 1962 ಸಂಖ್ಯೆಗೆ ಕರೆ ಮಾಡಿ ವಿಚಾರಿಸಬಹುದು. ಒಂದಕ್ಕಿಂತ ಹೆಚ್ಚು ಕೋಳಿ ಸತ್ತಿದ್ದರೆ, ಆಗಷ್ಟೇ ಸತ್ತದ್ದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಂಜುಗಡ್ಡೆಯ ಮೇಲಿಟ್ಟು ವೈದ್ಯರನ್ನು ಕೇಳಿ. ಮರಣೋತ್ತರ ಪರೀಕ್ಷೆ ಮಾಡಬೇಕೇ, ಕಣ್ಣೂರಿನ ಪ್ರಾದೇಶಿಕ ರೋಗ ನಿರ್ಣಯ ಪ್ರಯೋಗಾಲಯಕ್ಕೆ ಮಾದರಿ ಕಳಿಸಬೇಕೇ ಎಂದು ಅವರು ತೀರ್ಮಾನಿಸುತ್ತಾರೆ. ಸತ್ತ ಒಂದು ಕೋಳಿಯ ಪರೀಕ್ಷೆಯಿಂದ ಉಳಿದ ಹತ್ತು ಬದುಕುವುದುಂಟು. ಈ ಕೆಲಸಕ್ಕೆ ನಮ್ಮಲ್ಲಿ ಮನಸ್ಸು ಮಾಡುವವರು ಕಡಿಮೆ ಎಂಬುದು ನನಗಿರುವ ದೊಡ್ಡ ಬೇಸರ.

ಮನೆಯಲ್ಲಿ ಉಳಿದ ಮಾತ್ರೆಯ ಬಗ್ಗೆ ಇಷ್ಟು ತಿಳಿದಿರಲಿ. ಅಮಾಕ್ಸಿಸಿಲಿನ್‌ನಂಥ ಮದ್ದುಗಳು ಬ್ಯಾಕ್ಟೀರಿಯಾದ ಕೋಶಗೋಡೆಯನ್ನು ಕಟ್ಟಲು ಬಿಡದೆ ಅದನ್ನು ಕೊಲ್ಲುತ್ತವೆ. ಮೈಕೊಪ್ಲಾಸ್ಮಾಕ್ಕೆ ಕೋಶಗೋಡೆಯೇ ಇಲ್ಲ. ಎಷ್ಟು ಕೊಟ್ಟರೂ ಅದಕ್ಕೆ ತಾಗುವುದಿಲ್ಲ. ಟೈಲೋಸಿನ್, ಡಾಕ್ಸಿಸೈಕ್ಲಿನ್‌ನಂಥವು ತಾಗುತ್ತವೆ, ಕೊರೈಜಾಕ್ಕೆ ಬೇರೆ ಮದ್ದುಗಳಿವೆ. ಪ್ರಮಾಣ ಹುಂಜದ ತೂಕ ನೋಡಿ ವೈದ್ಯರು ಹೇಳಬೇಕಾದದ್ದು, ಆದ್ದರಿಂದ ಮನೆಯಲ್ಲೇ ತೂಗಿಕೊಂಡು ಹೋಗಿ. ನೀರಿನಲ್ಲಿ ಬೆರೆಸುವ ಪುಡಿ ಕೊಟ್ಟರೆ ಹುಂಜ ನೀರು ಕುಡಿಯುತ್ತಿದೆಯೇ ಎಂದು ನೋಡಿ, ಕುಡಿಯದಿದ್ದರೆ ಚುಚ್ಚುಮದ್ದು ಕೇಳಿ. ಮದ್ದು ಮುಗಿದ ಮೇಲೆ ಎಷ್ಟು ದಿನ ಮಾಂಸ, ಮೊಟ್ಟೆ ತಿನ್ನಬಾರದು ಎಂದು ಬರೆಸಿಕೊಳ್ಳಿ. ದೈವದ ಹರಕೆಗೆಂದು ಬಿಟ್ಟ ಹುಂಜವಾದರೆ ದಿನ ನಿಶ್ಚಯಿಸುವಾಗ ಈ ಲೆಕ್ಕ ನೆನಪಿರಬೇಕು.

ಗುಣವಾದ ಹುಂಜದ ಬಗ್ಗೆ ಒಂದು ಕಹಿ ಮಾತು. ಮೈಕೊಪ್ಲಾಸ್ಮಾ, ಕೊರೈಜಾ ಬಂದು ಬದುಕಿದ ಕೋಳಿ ನೋಡಲು ಗಟ್ಟಿಮುಟ್ಟಾಗಿದ್ದರೂ ರೋಗಾಣುವನ್ನು ಬಹಳ ಕಾಲ, ಕೆಲವೊಮ್ಮೆ ಬದುಕಿರುವವರೆಗೂ ಒಳಗೆ ಇಟ್ಟುಕೊಂಡಿರುತ್ತದೆ. ಮೈಕೊಪ್ಲಾಸ್ಮಾ ಮೊಟ್ಟೆಯ ಮೂಲಕ ಮರಿಗೂ ಹೋಗುತ್ತದೆ. ಅದನ್ನು ಕೊಲ್ಲಲೇಬೇಕೆಂದು ನಾನು ಹೇಳುವುದಿಲ್ಲ, ಇರುವ ಗುಂಪಿನಲ್ಲೇ ಇರಲಿ. ಆದರೆ ತಳಿಗೆಂದು ನೆರೆಮನೆಗೆ ಕೊಡಬಾರದು, ಸಂತೆಗೆ ಒಯ್ಯಬಾರದು. ಕೋಳಿ ಅಂಕ ಕಾನೂನಿಗೆ ವಿರುದ್ಧ ಎಂಬುದು ಒಂದು ಮಾತು. ಹತ್ತೂರಿನ ಹುಂಜಗಳು ಮುಖಕ್ಕೆ ಮುಖ ತಾಗಿಸಿ ಸೀನಿ, ಸಂಜೆ ಹತ್ತೂರಿಗೆ ಮರಳುವ ಜಾಗ ಅದು ಎಂಬುದು ಇನ್ನೊಂದು.

ಗೂಡಿನ ಗಾಳಿ

ಜೂನ್ ಬರುತ್ತಲೇ ಗೂಡಿನ ಸುತ್ತ ಟರ್ಪಾಲು ಬಿಗಿಯುತ್ತೇವೆ. ಮಳೆ ನಿಲ್ಲುತ್ತದೆ, ಗಾಳಿಯೂ ನಿಲ್ಲುತ್ತದೆ. ಜುಲೈ ನಡುವಿನಲ್ಲಿ ಶುರುವಾಗುವ ಆಟಿ ತಿಂಗಳ ಒಂದು ಬೆಳಗ್ಗೆ, ಬಾಗಿಲು ತೆರೆದ ಕೂಡಲೇ ಮೊಣಕಾಲೂರಿ, ಕೋಳಿಯ ತಲೆಯಿರುವ ಮಟ್ಟಕ್ಕೆ ಮುಖ ತಂದು ಮೂಸಿ ನೋಡಿ. ಕಣ್ಣು ಉರಿದರೆ ಅದು ಅಮೋನಿಯಾ. ಹಿಕ್ಕೆಯ ಬಿಳಿ ಭಾಗ ತೇವದಲ್ಲಿ ಕೊಳೆತಾಗ ಹುಟ್ಟುವ ಅನಿಲ ಅದು. ಶ್ವಾಸನಾಳದ ಒಳಗೋಡೆಯಲ್ಲಿ ಧೂಳನ್ನೂ ರೋಗಾಣುಗಳನ್ನೂ ಮೇಲಕ್ಕೆ ಗುಡಿಸುವ ಸಣ್ಣ ರೋಮಗಳಿವೆ. ಅಮೋನಿಯಾ ಮೊದಲು ಅವುಗಳನ್ನು ಕೆಡಿಸುತ್ತದೆ, ಆಮೇಲೆ ಬಂದ ಯಾವ ರೋಗಕ್ಕೂ ತಡೆಯಿರುವುದಿಲ್ಲ. ನಿಂತ ಎತ್ತರದಲ್ಲಿ ನಮ್ಮ ಮೂಗಿಗೆ ಇದು ತಿಳಿಯುವುದೇ ಇಲ್ಲ.

ಟರ್ಪಾಲನ್ನು ಮಾಡಿನವರೆಗೆ ಮುಚ್ಚದೆ, ಕೋಳಿ ಕೂರುವ ಅಡ್ಡಕೋಲಿಗಿಂತ ಮೇಲೆ ಒಂದು ಗೇಣು ತೆರೆದಿಟ್ಟರೆ ಬಿಸಿಯಾದ ತೇವದ ಗಾಳಿ ಅಲ್ಲಿಂದ ಹೊರಹೋಗುತ್ತದೆ. ನೆಲಕ್ಕೆ ಅಡಿಕೆ ಸಿಪ್ಪೆ ಹಾಸುವ ರೂಢಿ ಬಿಡುವುದು ಒಳ್ಳೆಯದು, ಅದು ನೀರು ಕುಡಿದರೆ ಬೇಗ ಒಣಗದೆ ಬೂಸ್ಟು ಹಿಡಿಯುತ್ತದೆ. ಬೇಸಗೆಯಲ್ಲೇ ಒಣಗಿಸಿಟ್ಟ ಭತ್ತದ ಉಮಿ ಅಥವಾ ಮರದ ಪುಡಿ ವಾಸಿ. ಒಂದು ಹಿಡಿ ತೆಗೆದು ಹಿಂಡಿದಾಗ ಉಂಡೆಯಾಗಿ ನಿಂತರೆ ತೆಗೆದು ತೋಟಕ್ಕೆ ಹಾಕಿ. ಒದ್ದೆ ಹಿಕ್ಕೆಯ ಮೇಲೆ ಸುಣ್ಣ ಎರಚಿದರೆ ವಾಸನೆ ಹೋಗುತ್ತದೆಂಬ ನಂಬಿಕೆ ತಪ್ಪು. ಸುಣ್ಣದ ಕ್ಷಾರಕ್ಕೆ ಅಮೋನಿಯಾ ಇನ್ನಷ್ಟು ಏಳುತ್ತದೆ. ಎಲ್ಲವನ್ನೂ ಬಾಚಿ ತೆಗೆದು, ನೆಲಕ್ಕೆ ಸುಣ್ಣ ಬಳಿದು, ಒಣಗಿದ ಮೇಲೆ ಹೊಸ ಹಾಸು ಹಾಕಬೇಕು.

ಹೊಸದಾಗಿ ತಂದ ಕೋಳಿಯನ್ನು ಮೂರು ನಾಲ್ಕು ವಾರ ಬೇರೆಯೇ ಇಡಬೇಕು. ಅದಕ್ಕೆ ಕಾಳು ಹಾಕುವುದು ಹಳೆಯವಕ್ಕೆ ಹಾಕಿದ ಮೇಲೆ.

ಕೊಕ್ಕರೆ ರೋಗಕ್ಕೆ ಲಸಿಕೆಯೊಂದೇ ದಾರಿ. ಮರಿಗೆ 5ರಿಂದ 7 ದಿನವಾದಾಗ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕು ವಾರದ ಸುಮಾರಿಗೆ ಲಸೋಟ ಲಸಿಕೆ, 8ರಿಂದ 10 ವಾರದಲ್ಲಿ ಆರ್‌2ಬಿ ಚುಚ್ಚುಮದ್ದು. ಮೊದಲಿನದನ್ನು ಹಾಕದೆ ನೇರವಾಗಿ ಆರ್‌2ಬಿ ಹಾಕಬಾರದು, ಅದು ಸ್ವಲ್ಪ ಬಿರುಸಾದ ಲಸಿಕೆ. ಈಗಾಗಲೇ ಸೀನುತ್ತಿರುವ ಕೋಳಿಗೂ ಹಾಕಬಾರದು. ಹಿತ್ತಿಲಲ್ಲಿ ಹತ್ತು ಕೋಳಿ ಸಾಕುವವರು ಲಸಿಕೆ ಹಾಕಿಸದಿರಲು ನಿಜವಾದ ಕಾರಣ ಅಸಡ್ಡೆಯಲ್ಲ. ಲಸಿಕೆಯ ಸೀಸೆ ಬರುವುದು ನೂರು ಕೋಳಿಗಳ ಲೆಕ್ಕದಲ್ಲಿ, ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಗಾಗಿ ಸೀಸೆ ಒಡೆಯಲು ಆಸ್ಪತ್ರೆಯವರಿಗೂ ಮನಸ್ಸು ಬರುವುದಿಲ್ಲ. ಆದ್ದರಿಂದ ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲೇ, ಬೈಲಿನ ಏಳೆಂಟು ಮನೆಯವರು ಕೂಡಿ ತಮ್ಮ ಕೋಳಿಗಳನ್ನು ಲೆಕ್ಕ ಹಾಕಿ ವೈದ್ಯರಿಂದ ಒಂದು ದಿನ ಗೊತ್ತುಮಾಡಿಕೊಳ್ಳಬೇಕು. ಸೀಸೆಯನ್ನು ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿ ತರಬೇಕು. ಹಿಂದಿನ ರಾತ್ರಿಯೇ ಎಲ್ಲರೂ ಕೋಳಿಗಳನ್ನು ಗೂಡಿನಲ್ಲಿ ಕೂಡಿಹಾಕಿ, ಬೆಳಗ್ಗೆ ಬಾಗಿಲು ತೆರೆಯದೆ ಕಾದರೆ, ಬಿಸಿಲೇರುವ ಮುಂಚೆ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತ ಆ ಎರಡು ಗಂಟೆಯೊಳಗೆ ಎಲ್ಲವಕ್ಕೂ ಹಾಕಿ ಮುಗಿಸಬಹುದು.